ಮೊದಲ ವೋಟು, ಮುಂಜಾನೆಯ ಪೇಪರ್

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಪ್ರತಿವರ್ಷ ದಸರೆಗೆ ಮಾಲತೇಶಸ್ವಾಮಿಯ ಕಾರ್ಣಿಕ ನಡೆಯುತ್ತದೆ. ವ್ರತ ಹಿಡಿದ ಗೊರವಪ್ಪ ಎತ್ತರದ ಬಿಲ್ಲೇರಿ 'ಸದ್ದಲೇ' ಎಂದು ಕೂಗುತ್ತಾನೆ. ಜಾತ್ರೆಯ ಗದ್ದಲವೆಲ್ಲ ತಣ್ಣಗಾಗುತ್ತದೆ. ಒಂದೇ ಸಾಲಿನ ಭವಿಷ್ಯ ನುಡಿದು ಅವನು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ. ಆ ಸಾಲಿನಲ್ಲಿ ಪಕ್ಷದ ಹೆಸರು ಇರುವುದಿಲ್ಲ, ನಾಯಕನ ಹೆಸರೂ ಇರುವುದಿಲ್ಲ. ಮರುದಿನ ಪತ್ರಿಕೆಗಳು ಅದನ್ನು ಅಚ್ಚು ಹಾಕುತ್ತವೆ, ಜೊತೆಗೆ ಅರ್ಥವನ್ನೂ ಕೊಡುತ್ತವೆ: ಮಳೆ ಹೇಗೆ, ಬೆಳೆ ಹೇಗೆ, ವಿಧಾನಸೌಧದ ಕುರ್ಚಿ ಯಾರ ಪಾಲು. ಆಮೇಲೆ ಚಹಾದಂಗಡಿಯಲ್ಲಿ ಅರ್ಥಕ್ಕೆ ಅರ್ಥ ಹುಟ್ಟುತ್ತದೆ. ಹಿರಿಯರು ಒಂದು ಹೇಳಿದರೆ ಹುಡುಗರು ಇನ್ನೊಂದು ಹೇಳುತ್ತಾರೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ರಾಜಕೀಯದ ಮಾತು ಇಷ್ಟು ಸಲೀಸಾಗಿ ಹರಿಯುತ್ತದೆ. ಆದರೂ ಇಲ್ಲಿಯ ಮೇಷ್ಟ್ರುಗಳು, ಪತ್ರಿಕೆಯವರು, ಪಕ್ಷದವರು ಎಲ್ಲರ ಬಾಯಲ್ಲೂ ಒಂದೇ ದೂರು: ಈಗಿನ ಹುಡುಗರು ಪೇಪರ್ ಓದುವುದಿಲ್ಲ, ಅವರಿಗೆ ರಾಜಕೀಯ ಬೇಕಾಗಿಲ್ಲ. ಇದರಲ್ಲಿ ಎರಡು ಆರೋಪಗಳಿವೆ. ಒಂದರಿಂದ ಇನ್ನೊಂದು ತಾನಾಗಿಯೇ ಹುಟ್ಟುತ್ತದೆ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಹದಿನೆಂಟು ತುಂಬಿದವನನ್ನು ಮತದಾರನನ್ನಾಗಿ ಮಾಡುವುದು ಪತ್ರಿಕೆಯೋ, ಮನೆಯೋ, ಅಭ್ಯಾಸವೋ? ಈ ಪ್ರಶ್ನೆಗೆ ಒಂದು ಶತಮಾನದ ಚರ್ಚೆಯಿದೆ. ಅದನ್ನು ಈ ಊರುಗಳಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ.

ವೋಟಿಲ್ಲದ ಹದಿನೆಂಟು

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಹುಟ್ಟಿದ್ದು 1911ರ ಜೂನ್‌ನಲ್ಲಿ. 1930ರ ಮಾರ್ಚ್‌ನಲ್ಲಿ ಗಾಂಧೀಜಿಯ ಜೊತೆ ದಂಡಿಗೆ ಹೆಜ್ಜೆ ಹಾಕಿದಾಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಆಗಿನ ಮತದಾನದ ಹಕ್ಕು ಆಸ್ತಿ, ತೆರಿಗೆ, ವಿದ್ಯೆಯ ಲೆಕ್ಕದ ಮೇಲೆ ನಿಂತಿತ್ತು. ಮಹಾದೇವಪ್ಪನವರಂಥ ಯುವಕನಿಗೆ ಅದರ ಬಾಗಿಲು ಮುಚ್ಚಿತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿದಾಗಲೂ ಸ್ವತಂತ್ರ ದೇಶದ ಮತದಾರನಾಗುವ ಭಾಗ್ಯ ಅವರಿಗೆ ಬಂದಿರಲಿಲ್ಲ. ರಾಜಕೀಯಕ್ಕೂ ವೋಟಿಗೂ ಇರುವ ದೂರವನ್ನು ಈ ಒಂದು ಬದುಕು ತೋರಿಸುತ್ತದೆ. ಈಗಿನ ಹುಡುಗರ ಕೈಯಲ್ಲಿ ವೋಟಿದೆ, ರಾಜಕೀಯ ಇಲ್ಲ ಎಂದು ನಾವು ದೂರುತ್ತೇವೆ. ಅಂದಿನವರ ಸ್ಥಿತಿ ಇದಕ್ಕೆ ತಿರುಗುಮುರುಗಾಗಿತ್ತು.

ಆ ತಲೆಮಾರಿಗೆ ರಾಜಕೀಯ ತಲುಪಿದ ದಾರಿಗಳಲ್ಲಿ ಪತ್ರಿಕೆಯೂ ಒಂದು. 1921ರಲ್ಲಿ ಧಾರವಾಡದಲ್ಲಿ ರಂಗನಾಥ ದಿವಾಕರರು 'ಕರ್ಮವೀರ' ಆರಂಭಿಸಿದರು. ಮುಂದೆ 'ಸಂಯುಕ್ತ ಕರ್ನಾಟಕ' ಹುಬ್ಬಳ್ಳಿಯಿಂದ ಈ ಸೀಮೆಯ ಮನೆಮಾತಾಯಿತು. ಹಾವೇರಿ ತಾಲೂಕಿನ ಕುರಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪನವರು 1954ರಲ್ಲಿ 'ಪ್ರಪಂಚ' ವಾರಪತ್ರಿಕೆ ತಂದರು. ಕರ್ನಾಟಕದ ಏಕೀಕರಣವಾಗುವುದಕ್ಕೆ ಇನ್ನೂ ಎರಡು ವರ್ಷ ಇತ್ತು. ಈ ಪತ್ರಿಕೆಗಳನ್ನು ಕೊಂಡವರು ಕಡಿಮೆ, ಕೇಳಿದವರು ಹೆಚ್ಚು. ಊರಿಗೆ ಬರುವುದು ಒಂದು ಪ್ರತಿ. ಓದು ಬಲ್ಲವನೊಬ್ಬ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರೆ ಸುತ್ತ ಕೂತವರು ತಡೆದು ಕೇಳುತ್ತಿದ್ದರು, ಎದುರು ಮಾತಾಡುತ್ತಿದ್ದರು.

ಆ ಕಟ್ಟೆಯನ್ನು ಬರೀ ಹೊಗಳಿ ಮುಂದೆ ಹೋಗಲಾಗದು. ಅಲ್ಲಿ ಹೆಣ್ಣುಮಕ್ಕಳಿಗೆ ಜಾಗ ಇರಲಿಲ್ಲ. ಎಷ್ಟೋ ಊರುಗಳಲ್ಲಿ ದಲಿತ ಹುಡುಗನಿಗೆ ಕಟ್ಟೆ ಏರುವ ಧೈರ್ಯವೇ ಬರದಂತೆ ನೋಡಿಕೊಂಡಿದ್ದರು. 'ಹಿಂದೆ ಎಲ್ಲರೂ ಪೇಪರ್ ಓದುತ್ತಿದ್ದರು' ಎನ್ನುವಾಗ ಆ 'ಎಲ್ಲರೂ' ಯಾರು ಎಂದು ಕೇಳಲೇಬೇಕು.

1951–52ರ ಮೊದಲ ಮಹಾಚುನಾವಣೆಯಲ್ಲಿ ಮತದಾನದ ವಯಸ್ಸು 21. ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದು ಅದು 18ಕ್ಕೆ ಇಳಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಲೋಕಸಭೆಗೂ ಕರ್ನಾಟಕದ ವಿಧಾನಸಭೆಗೂ ಚುನಾವಣೆ ನಡೆದು ಹದಿನೆಂಟರ ಹುಡುಗ-ಹುಡುಗಿಯರು ಮೊದಲ ಬಾರಿ ಸಾಲಿನಲ್ಲಿ ನಿಂತರು. ಸರಿಸುಮಾರು ಅದೇ ಹೊತ್ತಿನಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತಿತು. ಗಲಭೆ, ಹೊಡೆದಾಟ ಕಾರಣ ಎಂದರು. ಆ ಕಾರಣ ಸುಳ್ಳೂ ಆಗಿರಲಿಲ್ಲ. ಆದರೆ ದೇಶ ಆಳುವವರನ್ನು ಆರಿಸು ಎಂದು ಹೇಳಿಸಿಕೊಂಡ ಯುವಕನಿಗೆ ತನ್ನ ತರಗತಿಯ ಪ್ರತಿನಿಧಿಯನ್ನು ಆರಿಸುವ ಅವಕಾಶ ತಪ್ಪಿತು. ಆ ವಿರೋಧಾಭಾಸದಿಂದ ನಾವಿನ್ನೂ ಹೊರಬಂದಿಲ್ಲ.

ಪತ್ರಿಕೆ ನಾಗರಿಕನನ್ನು ರೂಪಿಸುತ್ತದೆ ಎನ್ನುವವರು

ಮೊದಲನೆಯ ವಾದ ಹಳೆಯದು, ಪತ್ರಿಕೆಯವರಿಗೆ ಪ್ರಿಯವಾದದ್ದು. ನಿತ್ಯ ಪತ್ರಿಕೆ ಓದುವವನಿಗೆ ಸರ್ಕಾರ ಏನು ಮಾಡುತ್ತಿದೆ ಎಂದು ತಿಳಿಯುತ್ತದೆ, ತಿಳಿದವನು ವೋಟು ಹಾಕುತ್ತಾನೆ. ಅಮೆರಿಕದ ಮಾರ್ಟಿನ್ ವಾಟನ್‌ಬರ್ಗ್ 2007ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಯುವಜನರ ಮತದಾನ ಕುಸಿದದ್ದಕ್ಕೂ ಅವರು ಪತ್ರಿಕೆ ಬಿಟ್ಟದ್ದಕ್ಕೂ ನೇರ ನಂಟು ಹಾಕಿದರು. 2011ರಲ್ಲಿ ಜೆಂಟ್ಸ್‌ಕೋ, ಶಪಿರೊ, ಸಿಂಕಿನ್‌ಸನ್ ಎಂಬ ಅರ್ಥಶಾಸ್ತ್ರಜ್ಞರು 1869ರಿಂದ ಮೊದಲಾದ ಅಮೆರಿಕದ ದಾಖಲೆಗಳನ್ನು ಜಾಲಾಡಿ, ಒಂದು ಊರಿಗೆ ಹೊಸದೊಂದು ಪತ್ರಿಕೆ ಬಂದರೆ ಮತದಾನ 0.3 ಶೇಕಡಾ ಅಂಶದಷ್ಟು ಏರುತ್ತದೆ ಎಂದು ಕಂಡುಕೊಂಡರು. ಪರಿಣಾಮ ಇದೆ, ಆದರೆ ಸಣ್ಣದು.

ನಮಗೆ ಹೆಚ್ಚು ಹತ್ತಿರದ್ದು ಟಿಮೊತಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ. 1958ರಿಂದ 1992ರವರೆಗಿನ ಭಾರತದ ರಾಜ್ಯಗಳ ಲೆಕ್ಕ ಹಿಡಿದು ಅವರು ನೋಡಿದ್ದು ಇಷ್ಟು: ಬರ, ನೆರೆ ಬಂದಾಗ ಪತ್ರಿಕಾ ಪ್ರಸಾರ ಹೆಚ್ಚಿರುವ ರಾಜ್ಯದ ಸರ್ಕಾರ ಪಡಿತರ, ಪರಿಹಾರದ ವಿಷಯದಲ್ಲಿ ಬೇಗ ಎಚ್ಚೆತ್ತುಕೊಳ್ಳುತ್ತದೆ. ಇಂಗ್ಲಿಷ್ ಪತ್ರಿಕೆಗಳಿಂದ ಬಂದ ಫಲವಲ್ಲ ಅದು, ಜನರ ಭಾಷೆಯ ಪತ್ರಿಕೆಗಳಿಂದ ಬಂದದ್ದು. ಮಳೆ ನೆಚ್ಚಿ ಬದುಕುವ ಹಾವೇರಿ ಜಿಲ್ಲೆಯಲ್ಲಿ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಪತ್ರಿಕೆಯ ಪರಿಣಾಮ ಆಗಿರುವುದು ಸರ್ಕಾರದ ಮೇಲೆ. ಓದುಗ ಬದಲಾಗದಿದ್ದರೂ, ಓದುಗನೊಬ್ಬ ಇದ್ದಾನೆ ಎಂಬ ಅಂಜಿಕೆ ತಹಶೀಲ್ದಾರರ ಕಚೇರಿಯಲ್ಲಿ ಕೆಲಸ ಮಾಡುತ್ತದೆ.

1999ರಲ್ಲಿ 'ವಿಜಯ ಕರ್ನಾಟಕ' ಬಂದು ಬೆಲೆ ಇಳಿಸಿದ ಮೇಲೆ ಹಳ್ಳಿಯ ಹುಡುಗನ ಕೈಗೂ ಸ್ವಂತ ಪ್ರತಿ ಎಟುಕಿತು. ಜಿಲ್ಲೆಗೊಂದು ಪುಟ, ಊರೂರಿಗೆ ಅರೆಕಾಲಿಕ ವರದಿಗಾರ. ಭಾರತೀಯ ಭಾಷೆಗಳ ಪತ್ರಿಕೆಗಳು ಹೀಗೆ ಸ್ಥಳೀಯವಾಗುತ್ತ ಹೋದದ್ದನ್ನು ರಾಬಿನ್ ಜೆಫ್ರಿ 2000ದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ತನ್ನ ಊರಿನ ಹೆಸರು ಅಚ್ಚಿನಲ್ಲಿ ಕಂಡ ಹುಡುಗನಿಗೆ ರಾಜ್ಯವೆಂಬುದು ಬೆಂಗಳೂರಿನಿಂದ ತನ್ನೂರಿನವರೆಗೆ ಇದೆ ಎನಿಸಿತು. ನನ್ನ ಮಟ್ಟಿಗೆ ಕನ್ನಡ ಪತ್ರಿಕೋದ್ಯಮ ಯುವ ಮತದಾರನಿಗೆ ಮಾಡಿದ ದೊಡ್ಡ ಉಪಕಾರ ಇದೇ. ಜಿಲ್ಲಾ ಪುಟ ಸನ್ಮಾನ, ಶ್ರದ್ಧಾಂಜಲಿಗಳ ಪುಟವಾಗಿ ಸೊರಗಿದಷ್ಟೂ ಆ ಉಪಕಾರವೂ ಸೊರಗುತ್ತದೆ.

ಈ ವಾದಕ್ಕೆ ಏಟು ಕೊಟ್ಟ ಪ್ರಯೋಗವೂ ಇದೆ. 2005ರಲ್ಲಿ ವರ್ಜೀನಿಯಾದ ಗವರ್ನರ್ ಚುನಾವಣೆಗೆ ಮುಂಚೆ ಸಂಶೋಧಕರು ಕೆಲವು ಮನೆಗಳಿಗೆ ಪತ್ರಿಕೆಯನ್ನು ಪುಕ್ಕಟೆ ಹಾಕಿಸಿದರು. ಅದರಿಂದ ಆ ಮನೆಯವರ ರಾಜಕೀಯ ತಿಳಿವಳಿಕೆ ಹೆಚ್ಚಾದದ್ದು ಕಾಣಲಿಲ್ಲ. ಪೇಪರ್ ಮನೆಗೆ ಬಂದ ಮಾತ್ರಕ್ಕೆ ಅದು ತಲೆಗೆ ಹೋಗುವುದಿಲ್ಲ.

ಮನೆ, ಓಣಿ, ಹಿರಿಯರು

ಎರಡನೆಯ ಪಂಥ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಮನುಷ್ಯರನ್ನು ನೋಡುತ್ತದೆ. ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 1940ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಓಹಿಯೋದ ಒಂದು ಜಿಲ್ಲೆಯ ಮತದಾರರ ಬೆನ್ನುಹತ್ತಿ, 1944ರಲ್ಲಿ ಪುಸ್ತಕ ಬರೆದರು. ಪತ್ರಿಕೆ, ರೇಡಿಯೋದ ಸುದ್ದಿ ಹೆಚ್ಚಿನವರಿಗೆ ನೇರವಾಗಿ ಮುಟ್ಟುವುದಿಲ್ಲ. ಓದುವ, ಕೇಳುವ ಕೆಲವರ ಬಾಯಿಂದ ಉಳಿದವರಿಗೆ ಹರಡುತ್ತದೆ ಎಂಬುದು ಅವರ ತೀರ್ಮಾನ. ನಮ್ಮ ಕಟ್ಟೆಯ ಪೇಪರ್ ಓದು ಇದಕ್ಕೆ ಬೇರೆ ಸಾಕ್ಷಿ ಕೇಳದು.

ಹಾವೇರಿ ಸೀಮೆಯಲ್ಲಿ ಮೊದಲ ವೋಟಿನ ಮಾತು ಬಂದರೆ ಮನೆಯಲ್ಲಿ ಕೇಳುವ ಪ್ರಶ್ನೆ, 'ಯಾರಿಗೆ ಹಾಕೂದಂತ ಅಪ್ಪಾಜಿನ್ನ ಕೇಳಿದ್ಯೇನು?' ಜಾತಿ, ಮಠ, ಓಣಿಯ ಮುಖಂಡ, ಸ್ವಸಹಾಯ ಸಂಘದ ಅಕ್ಕ, ಎಲ್ಲರಿಗೂ ಈ ಮಾತಿನಲ್ಲಿ ಪಾಲಿದೆ. ಮೊದಲ ಮತದಾರ ಒಬ್ಬನೇ ಕೂತು ನಿರ್ಧರಿಸುತ್ತಾನೆ ಎಂಬ ಚಿತ್ರ ಇಲ್ಲಿಗೆ ಹೊಂದುವುದಿಲ್ಲ. ಆದರೆ ಈ ಪಂಥಕ್ಕೆ ಎಲ್ಲವೂ ಸಿಕ್ಕುವುದಿಲ್ಲ. ಎಲ್ಲರೂ ಮನೆಯವರು ಹೇಳಿದ ಕಡೆಗೇ ಒತ್ತುವುದಾದರೆ ಕ್ಷೇತ್ರಗಳು ತಲೆಮಾರುಗಟ್ಟಲೆ ಒಂದೇ ಕೈಯಲ್ಲಿ ಇರಬೇಕಿತ್ತು. ರಾಣೆಬೆನ್ನೂರು ಹಾಗಿಲ್ಲ. 2018ರಲ್ಲಿ ಆಗಿನ ಸ್ಪೀಕರ್ ಕೆ.ಬಿ. ಕೋಳಿವಾಡರನ್ನೇ ಸೋಲಿಸಿ ಕೆಪಿಜೆಪಿ ಎಂಬ ಪುಟ್ಟ ಪಕ್ಷದ ಆರ್. ಶಂಕರ್ ಅವರನ್ನು ಅದು ಗೆಲ್ಲಿಸಿತು. 2019ರ ಉಪಚುನಾವಣೆಯಲ್ಲಿ ಬಿಜೆಪಿಗೆ, 2023ರಲ್ಲಿ ಕಾಂಗ್ರೆಸ್‌ಗೆ ಒಲಿಯಿತು. ಮತದಾನದ ಹೊತ್ತಿಗೆ ಮನೆಯೊಳಗೇ ಎಷ್ಟೋ ಮಾತು ಮುರಿದು ಬೀಳುತ್ತದೆ ಎಂದೇ ಇದರ ಅರ್ಥ.

ಅಭ್ಯಾಸದ ಮಾತು

ಮೂರನೆಯವರು ವೋಟನ್ನು ರೂಢಿ ಎಂದು ನೋಡುತ್ತಾರೆ. ಎರಿಕ್ ಪ್ಲುಟ್ಸರ್ 2002ರಲ್ಲಿ, ಮಾರ್ಕ್ ಫ್ರಾಂಕ್ಲಿನ್ 2004ರಲ್ಲಿ ಬರೆದದ್ದರ ತಿರುಳು ಒಂದೇ: ಮೊದಲ ಕೆಲವು ಚುನಾವಣೆಗಳಲ್ಲಿ ವೋಟು ಹಾಕಿದವನು ಮುಂದೆಯೂ ಹಾಕುತ್ತಾನೆ, ತಪ್ಪಿಸಿದವನಿಗೆ ತಪ್ಪಿಸುವುದೇ ರೂಢಿಯಾಗುತ್ತದೆ. ಫ್ರಾಂಕ್ಲಿನ್‌ರ ಪ್ರಕಾರ ಹದಿನೆಂಟು ಎಂಬುದೇ ಕೆಟ್ಟ ವಯಸ್ಸು. ಮನೆ ಬಿಟ್ಟು ಕಾಲೇಜಿಗೋ ಕೆಲಸಕ್ಕೋ ಹೋಗುವ ಹೊತ್ತು ಅದು, ವೋಟಿನ ಬೇರು ಹಿಡಿಯುವುದಿಲ್ಲ. ಆಸ್ಟ್ರಿಯಾ 2007ರಲ್ಲಿ ವಯಸ್ಸನ್ನು 16ಕ್ಕೆ ಇಳಿಸಿದಾಗ ಅಲ್ಲಿ ಈ ವಾದವೂ ಕೇಳಿಬಂದಿತ್ತು.

ನಮ್ಮ ಕಡೆ ಇದು ಕಣ್ಣಿಗೆ ಕಾಣುವ ಸತ್ಯ. ಪಿಯುಸಿ ಮುಗಿದೊಡನೆ ಹುಡುಗರು ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೆಸರು ಊರಿನ ಪಟ್ಟಿಯಲ್ಲಿ, ದೇಹ ಪಿಜಿಯಲ್ಲಿ. ಇನ್ನು ಹುಡುಗಿಯರದು ಬೇರೆಯೇ ಕಥೆ. ತವರಿನಲ್ಲಿ ನಮೂನೆ 6 ತುಂಬಿ ಹೆಸರು ಸೇರಿಸಿ, ಒಂದು ವೋಟು ಹಾಕುವಷ್ಟರಲ್ಲಿ ಮದುವೆ. ಗಂಡನ ಊರಿಗೆ ಹೆಸರು ಹೋಗಬೇಕಾದರೆ ನಮೂನೆ 8. ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಮನೆಗೆ ಬಂದಾಗ ಆ ಸೊಸೆಯ ದಾಖಲೆ ತವರಿನ ಪೆಟ್ಟಿಗೆಯಲ್ಲಿ ಇರುತ್ತದೆ. ಯುವತಿಯರಿಗೆ ರಾಜಕೀಯ ಬೇಡ ಎಂದು ಹೇಳುವ ಮುಂಚೆ ಈ ಕಾಗದದ ಓಡಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚುನಾವಣಾ ಆಯೋಗ ಇದಕ್ಕೆ ಮದ್ದು ಹುಡುಕಿಲ್ಲ ಎನ್ನಲಾಗದು. 2011ರಿಂದ ಜನವರಿ 25 ರಾಷ್ಟ್ರೀಯ ಮತದಾರರ ದಿನ. 2022ರಿಂದ ಹೆಸರು ಸೇರಿಸಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ, ಹದಿನೇಳಕ್ಕೇ ಮುಂಗಡ ಅರ್ಜಿ. ಆದರೂ 2024ರ ಲೋಕಸಭಾ ಚುನಾವಣೆಗೆ ದೇಶದಲ್ಲಿ ಪಟ್ಟಿಗೆ ಬಂದ 18–19ರ ವಯಸ್ಸಿನವರು ಸುಮಾರು 1.8 ಕೋಟಿ. ಆ ವಯಸ್ಸಿನವರ ಅಂದಾಜು ಜನಸಂಖ್ಯೆಯಲ್ಲಿ ಇದು ಶೇ 40ಕ್ಕಿಂತ ಕಡಿಮೆ. ಹೆಸರೇ ಸೇರದವರನ್ನು ಶೇಕಡಾವಾರು ಮತದಾನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾವೇರಿ ಕ್ಷೇತ್ರದಲ್ಲಿ ಆ ವರ್ಷ ಶೇ 77 ದಾಟಿತು, ಬೆಂಗಳೂರು ದಕ್ಷಿಣದಲ್ಲಿ 54ನ್ನೂ ಮುಟ್ಟಲಿಲ್ಲ ಎಂದು ನಾವು ಬೀಗುವಾಗ ಹಾವೇರಿಯಿಂದ ಬೆಂಗಳೂರಿಗೆ ಹೋದ ಹುಡುಗ ಯಾವ ಪಟ್ಟಿಯಲ್ಲಿದ್ದ ಎಂದು ಯಾರೂ ಕೇಳುವುದಿಲ್ಲ.

ಅಭ್ಯಾಸದ ಸಿದ್ಧಾಂತವನ್ನು ಪರೀಕ್ಷಿಸಲು ಈ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಇಲ್ಲಿಯ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕಕ್ಕೆ ಐದು ವರ್ಷದೊಳಗೆ ಉಪಚುನಾವಣೆ ಬಂತು: 2019ರ ಡಿಸೆಂಬರ್‌ನಲ್ಲಿ ರಾಣೆಬೆನ್ನೂರು, ಹಿರೇಕೆರೂರು, 2021ರ ಅಕ್ಟೋಬರ್‌ನಲ್ಲಿ ಹಾನಗಲ್, 2024ರ ನವೆಂಬರ್‌ನಲ್ಲಿ ಶಿಗ್ಗಾವಿ. 2018ರ ಮೇನಲ್ಲಿ ಮೊದಲ ಬಾರಿ ವೋಟು ಹಾಕಿದ ರಾಣೆಬೆನ್ನೂರಿನ ಹುಡುಗಿ ತನ್ನ ಶಾಸಕ ಅನರ್ಹನಾದದ್ದನ್ನು 2019ರ ಜುಲೈನಲ್ಲಿ ಓದಿ, ಡಿಸೆಂಬರ್ 5ಕ್ಕೆ ಮತ್ತೆ ಸಾಲಿನಲ್ಲಿ ನಿಂತಳು. ಮತಗಟ್ಟೆಗೆ ಮೇಲಿಂದ ಮೇಲೆ ಹೋದದ್ದು ಅವಳಲ್ಲಿ ರೂಢಿ ಬೆಳೆಸಿತೇ? ನನ್ನ ವೋಟಿಗೆ ಆಯುಷ್ಯ ಇಷ್ಟೇ ಎಂಬ ಬೇಸರ ಬೆಳೆಸಿತೇ? ಸಿದ್ಧಾಂತ ಮೊದಲನೆಯದನ್ನು ಹೇಳುತ್ತದೆ. ಊರಿನ ಮಾತು ಕೇಳಿದರೆ ಎರಡನೆಯದೂ ಸುಳ್ಳಲ್ಲ ಎನಿಸುತ್ತದೆ.

ದೂರ ಹೋಗಿಲ್ಲ, ದಾರಿ ಬದಲಿಸಿದ್ದಾರೆ

ನಾಲ್ಕನೆಯ ಪಂಥ ಯುವಕರ ಪರ ವಕಾಲತ್ತು ಹಿಡಿಯುತ್ತದೆ. ರಸೆಲ್ ಡಾಲ್ಟನ್ 2008ರಲ್ಲಿ ವಾದಿಸಿದ್ದು, ವೋಟು-ಪಕ್ಷ ಎಂಬ ಹಳೆಯ ಕರ್ತವ್ಯದಿಂದ ಸರಿದವರು ರಾಜಕೀಯದಿಂದಲೇ ಸರಿದಿಲ್ಲ, ಪ್ರತಿಭಟನೆ, ಅರ್ಜಿ, ವಾದಗಳ ಮೂಲಕ ಒಳಗೇ ಇದ್ದಾರೆ ಎಂದು. ನಮ್ಮಲ್ಲಿ 2016ರ ನಂತರ ಅಗ್ಗವಾದ ಮೊಬೈಲ್ ಡೇಟಾ ಈ ವಾದಕ್ಕೆ ಹೊಸ ಬಲ ಕೊಟ್ಟಿತು. ಸದನದ ಗದ್ದಲದ ತುಣುಕು ಅರ್ಧ ಗಂಟೆಯಲ್ಲಿ ದೇವರಗುಡ್ಡದ ಹುಡುಗನ ಸ್ಟೇಟಸ್‌ನಲ್ಲಿ ಇರುತ್ತದೆ.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದನ್ನು ಹೆಚ್ಚಿನವರು ಮೊದಲು ನೋಡಿದ್ದು ಮೊಬೈಲ್‌ನಲ್ಲಿ, ಕರಿ ಹೊಗೆಯ ವಿಡಿಯೋದಲ್ಲಿ. ಪೇಪರ್ ಮರುದಿನ ಬಂತು. ಆದರೆ ಆವಕ ಎಷ್ಟು, ಹಿಂದಿನ ಸಂತೆಯ ದರ ಎಷ್ಟು, ಶೀತಲಗೃಹದಲ್ಲಿ ಏನು ಉಳಿದಿದೆ, ಟೆಂಡರ್ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದವನಿಗೆ ಹೊಗೆಯ ವಿಡಿಯೋ ಸಾಲದು. ಲೋಕಸಭಾ ಚುನಾವಣೆಗೆ ಆಗ ಎರಡು ತಿಂಗಳೂ ಇರಲಿಲ್ಲ. ಹಿಂದೆ ಪೇಪರ್‌ನ ಮೂಲೆಯಲ್ಲಿದ್ದ ಪೇಟೆ ಧಾರಣೆಯ ಕೋಷ್ಟಕ ರೈತನ ಮಗನಿಗೆ ಸಂಪಾದಕೀಯಕ್ಕಿಂತ ದೊಡ್ಡ ರಾಜಕೀಯ ಪಾಠವಾಗಿತ್ತು. ಇಂದು ದರ ಫೋನಿನಲ್ಲೇ ಸಿಗುತ್ತದೆ. ದರದ ಹಿಂದಿನ ಕಾರಣ ಸಿಗುವುದು ಅಷ್ಟು ಸುಲಭವಲ್ಲ.

ನೆನಪಿನ ಪ್ರಶ್ನೆಯೂ ಇದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಜೀವ ಕಳೆದುಕೊಂಡರು. ಆ ವರ್ಷ ಹುಟ್ಟಿದ ಮಗುವಿಗೆ 2026ರಲ್ಲಿ ಹದಿನೆಂಟು. ತನ್ನ ಜಿಲ್ಲೆಯ ಈ ಸಂಗತಿ ಆ ಮೊದಲ ಮತದಾರನನ್ನು ತಲುಪುವುದು ಮನೆಯವರು ಹೇಳಿದರೆ, ಇಲ್ಲವೇ ಪತ್ರಿಕೆ ವರ್ಷಕ್ಕೊಮ್ಮೆ ನೆನಪಿಸಿದರೆ.

ಪರೀಕ್ಷೆಗೆಂದು ಓದುವವರು

ಪಂಡಿತರ ಪುಸ್ತಕಗಳಲ್ಲಿ ಕಾಣದ ಐದನೆಯ ಗುಂಪೊಂದು ನಮ್ಮಲ್ಲಿದೆ. ಅದರ ಬಗ್ಗೆ ನನಗೆ ಹೆಚ್ಚು ಹೇಳಬೇಕೆನಿಸುತ್ತದೆ. ಈಗಿನ ಹುಡುಗರು ಪೇಪರ್ ಓದುವುದಿಲ್ಲ ಎನ್ನುವವರು ರಾಣೆಬೆನ್ನೂರಿನ ಗ್ರಂಥಾಲಯಕ್ಕೋ ಧಾರವಾಡದ ಸಪ್ತಾಪುರದ ಓದುವ ಕೋಣೆಗೋ ಬೆಳಿಗ್ಗೆ ಹೋಗಿ ನೋಡಬೇಕು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಕನಸು ಹೊತ್ತವರು ಪೆನ್ನು ಹಿಡಿದು ಪತ್ರಿಕೆ ಓದುತ್ತಾರೆ. ಸಂಪಾದಕೀಯಕ್ಕೆ ಗೆರೆ ಎಳೆಯುತ್ತಾರೆ, ಒಪ್ಪಂದ, ಪ್ರಶಸ್ತಿ, ಸಮಿತಿಗಳ ಹೆಸರನ್ನು ನೋಟ್‌ಬುಕ್‌ಗೆ ಇಳಿಸುತ್ತಾರೆ. ಅವರ ಅಜ್ಜಂದಿರು ಇಷ್ಟು ಎಚ್ಚರದಿಂದ ಓದಿದ್ದು ಅನುಮಾನ.

ಆದರೆ ಪೆನ್ನು ಎಲ್ಲಿ ನಿಲ್ಲುತ್ತದೆ ನೋಡಿ. ಸಂವಿಧಾನದ ತಿದ್ದುಪಡಿಯ ಸಂಖ್ಯೆಗೆ ಗೆರೆ ಬೀಳುತ್ತದೆ. ತನ್ನೂರಿನ ಪಂಚಾಯಿತಿಯಲ್ಲಿ ಕಾಮಗಾರಿ ನಿಂತ ಸುದ್ದಿಗೆ ಬೀಳುವುದಿಲ್ಲ, ಅದು ಪ್ರಶ್ನೆಪತ್ರಿಕೆಗೆ ಬರುವುದಿಲ್ಲವಲ್ಲ. ಕಾಳು ಜರಡಿಯಿಂದ ಕೆಳಗಿಳಿದ ಹಾಗೆ ಜಿಲ್ಲಾ ಪುಟ ಕೈಯಿಂದ ಜಾರಿಹೋಗುತ್ತದೆ. ರಾಜಕೀಯ ಅವರಿಗೆ 'ಪ್ರಚಲಿತ ವಿದ್ಯಮಾನ', ಕಲಿಯಬೇಕಾದದ್ದು, ಸೇರಿಕೊಳ್ಳಬೇಕಾದದ್ದಲ್ಲ. ಗೋಡೆಯ ಮೇಲೆ 'ಮೌನವಾಗಿರಿ' ಎಂಬ ಫಲಕ ಬೇರೆ.

ಹಾಗೆಂದು ಇವರು ನಿರ್ಲಿಪ್ತರಲ್ಲ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ, 2022ರಲ್ಲಿ ನೇಮಕಾತಿ ರದ್ದಾದಾಗ ಈ ಓದುಗರು ಬೀದಿಗೆ ಬಂದರು. 2024ರಲ್ಲಿ ಕೆಪಿಎಸ್‌ಸಿ ಪ್ರಶ್ನೆಗಳ ಕನ್ನಡ ಅನುವಾದ ತಪ್ಪಾದಾಗಲೂ ಬಂದರು. ಪ್ರಚಲಿತ ವಿದ್ಯಮಾನ ತಮ್ಮ ಬದುಕಿಗೇ ತಗುಲಿದ ದಿನ ಅದು ರಾಜಕೀಯವಾಯಿತು. ಅಂದರೆ ಇವರಿಗೆ ಓದು ಕಡಿಮೆಯಾಗಿಲ್ಲ, ಆಸಕ್ತಿಯೂ ಕಡಿಮೆಯಾಗಿಲ್ಲ. ಕಡಿಮೆಯಾಗಿರುವುದು ಓದಿದ್ದನ್ನು ನಾಲ್ಕು ಜನರ ಎದುರು ಇಟ್ಟು ವಾದಿಸುವ ಜಾಗ. ನಾಲ್ಕೂ ಪಂಥಗಳನ್ನು ಓದಿದ ಮೇಲೆ ನನಗೆ ಗಟ್ಟಿಯಾಗಿ ಅನಿಸುವುದು ಇದು. ಕಾರ್ಣಿಕದ ಒಂದು ಸಾಲಿಗೆ ಸಿಗುವ ಚರ್ಚೆ ಬಜೆಟ್ಟಿನ ಒಂದು ಸಾಲಿಗೆ ಸಿಗುವುದಿಲ್ಲ. ಕಾರ್ಣಿಕದ ಅರ್ಥ ಹೇಳಲು ಎಲ್ಲರಿಗೂ ಹಕ್ಕಿದೆ, ಹೇಳಲು ಒಂದು ಚಹಾದಂಗಡಿಯೂ ಇದೆ.

ಇನ್ನೂ ತೀರದ ಪ್ರಶ್ನೆಗಳು

ಪತ್ರಿಕೆ ಓದುವುದರಿಂದ ರಾಜಕೀಯದ ಆಸಕ್ತಿ ಬರುತ್ತದೆಯೋ, ಆಸಕ್ತಿ ಇದ್ದವನೇ ಪತ್ರಿಕೆ ಹಿಡಿಯುತ್ತಾನೆಯೋ? ಅಮೆರಿಕದ ಲೆಕ್ಕಗಳೂ ಇದನ್ನು ಪೂರ್ತಿ ಬಿಡಿಸಿಲ್ಲ. ಕನ್ನಡ ಪತ್ರಿಕೆಗಳ ವಿಷಯದಲ್ಲಂತೂ ಈ ಕೆಲಸ ಶ್ರದ್ಧೆಯಿಂದ ಆಗಬೇಕಾಗಿದೆ. ಫೋನಿನಲ್ಲಿ ಓದಿದ ಸುದ್ದಿಯನ್ನು ಪೇಪರ್ ಓದಿನ ಲೆಕ್ಕಕ್ಕೆ ಹಿಡಿಯಬೇಕೇ ಎಂಬುದೂ ಹಾಗೆಯೇ ಉಳಿದಿದೆ. ಬರಹ ಅದೇ ಇರಬಹುದು. ಆದರೆ ಪೇಪರ್‌ನಲ್ಲಿ ಬೇಡದ ಸುದ್ದಿಯೂ ಕಣ್ಣಿಗೆ ಬೀಳುತ್ತಿತ್ತು.

ವಿದ್ಯಾರ್ಥಿ ಸಂಘಗಳ ಚುನಾವಣೆ ಮರಳಬೇಕೇ? ಲಿಂಗ್ಡೊ ಸಮಿತಿ 2006ರಲ್ಲೇ ಅದಕ್ಕೆ ನಿಯಮಗಳ ಚೌಕಟ್ಟು ಕೊಟ್ಟಿದೆ. ಮರಳಿದರೆ ಪಕ್ಷಗಳ ಹಣ ಕಾಲೇಜಿನೊಳಗೆ ಬರುತ್ತದೆ ಎಂಬ ಭಯ ನಿಜವಾದದ್ದು. ಮರಳದಿದ್ದರೆ ಮೊದಲ ವೋಟೇ ಮೊದಲ ರಾಜಕೀಯ ಅನುಭವವಾಗಿ ಉಳಿಯುತ್ತದೆ. ಊರು ಬಿಟ್ಟ ವಿದ್ಯಾರ್ಥಿ ಎಲ್ಲಿಯ ಮತದಾರ ಎಂಬುದಕ್ಕೂ ಉತ್ತರ ಬೇಕು; ವೋಟಿಗಾಗಿ ಊರಿಗೆ ಬರುವ ಬಸ್ಸಿನ ಖರ್ಚನ್ನು ಅಭ್ಯರ್ಥಿ ಕೊಡುವಂತಾದರೆ ಅದು ಮೊದಲ ವೋಟಿಗೇ ಅಂಟುವ ಕಳಂಕ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ಅಲ್ಲಿ ವಾರಕ್ಕೊಂದು ಗಂಟೆ ಮೌನ ಮುರಿದು ಪೇಪರ್ ಗಟ್ಟಿಯಾಗಿ ಓದಬಹುದೇ, ಹುಡುಗಿಯರೂ ಎಲ್ಲ ಓಣಿಯವರೂ ಕೂತು ವಾದಿಸಬಹುದೇ ಎಂಬುದನ್ನು ಊರುಗಳೇ ಮಾಡಿ ನೋಡಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಜಿಲ್ಲಾ ಪಂಚಾಯಿತಿ. ಪಂಚಾಯತ್‌ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1987ರಲ್ಲಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಚುನಾವಣೆಯಿಂದ ಒಂದು ತಲೆಮಾರೇ ರಾಜಕೀಯ ಕಲಿಯಿತು. ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಅದರ ನಂತರ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ದೇವರಗುಡ್ಡದ ಯುವತಿಯೊಬ್ಬಳು ಶಾಸಕನಿಗೆ, ಸಂಸದನಿಗೆ ವೋಟು ಹಾಕಿ ಇಪ್ಪತ್ತೈದರ ಹತ್ತಿರ ಬಂದರೂ ತನ್ನ ಶಾಲೆ, ಆಸ್ಪತ್ರೆ, ಕುಡಿಯುವ ನೀರು ನೋಡಬೇಕಾದ ಜಿಲ್ಲಾ ಪಂಚಾಯಿತಿಗೆ ಒಮ್ಮೆಯೂ ಹಾಕದೆ ಇರಬಹುದು. ಆಯ್ಕೆಯಾದ ಸದಸ್ಯರೇ ಇಲ್ಲದ ಸಭೆಯಿಂದ ಜಿಲ್ಲಾ ಪುಟಕ್ಕೆ ಯಾವ ಚರ್ಚೆ ಬರಬೇಕು, ಅವಳು ಅದರಲ್ಲಿ ಏನನ್ನು ಓದಬೇಕು?